ಮುರಕಲ್ಲಿನ ನೆಲದಲ್ಲಿ ಅರ್ಥ್ ಹುಡುಕಿದ್ದು

ಉಡುಪಿ ಬಳಿಯ ಅಲೆವೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ರೇಡಿಯೊ ಇಟ್ಟುಕೊಂಡು ನಾಲ್ಕು ವರ್ಷಗಳಾದವು. ಅದರಲ್ಲಿ ಮೊದಲ ಎರಡು ವರ್ಷ ನಾನು ಕೇಳಿಸಿಕೊಂಡದ್ದು ಮಾತಿಗಿಂತ ಹೆಚ್ಚಾಗಿ ಗದ್ದಲವನ್ನು. ಹವ್ಯಾಸಿ ರೇಡಿಯೊ ಎಂದರೆ ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಪರವಾನಗಿ ಪಡೆದು, ವಿಯು2 ಅಥವಾ ವಿಯು3 ಎಂದು ಆರಂಭವಾಗುವ ಕರೆಸಂಕೇತ ಇಟ್ಟುಕೊಂಡು, ನಮಗೆಂದು ಬಿಟ್ಟುಕೊಟ್ಟ ತರಂಗಾಂತರಗಳಲ್ಲಿ ಮಾತನಾಡುವ ಹವ್ಯಾಸ. ಬೆಳಗಿನ ಹೊತ್ತು 7 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಬೆಂಗಳೂರು, ಹುಬ್ಬಳ್ಳಿ, ಕೇರಳದ ಹವ್ಯಾಸಿಗಳು, ಅಂದರೆ ಹ್ಯಾಮ್‌ಗಳು ಒಬ್ಬರಿಗೊಬ್ಬರು ವರದಿ ಕೊಡುತ್ತಿರುತ್ತಾರೆ. ಅವರೆಲ್ಲ ನನಗೆ ಜೋಗದ ಎದುರು ನಿಂತು ಮಾತನಾಡುವವರಂತೆ ಕೇಳಿಸುತ್ತಿದ್ದರು. ಯಾರೂ ಮಾತನಾಡದಿದ್ದಾಗಲೂ ಸೆಟ್ಟಿನಲ್ಲಿ ಸಂಕೇತದ ಬಲ ತೋರಿಸುವ ಎಸ್ ಮೀಟರಿನ ಮುಳ್ಳು 9ರಲ್ಲಿ ನಿಂತಿರುತ್ತಿತ್ತು. ಎಸ್ 9 ಎಂದರೆ 50 ಓಮ್‌ನ ಆಂಟೆನಾ ಇನ್‌ಪುಟ್‌ನಲ್ಲಿ 50 ಮೈಕ್ರೊವೋಲ್ಟ್. ಅಲ್ಲಿಂದ ಕೆಳಗೆ ಒಂದೊಂದು ಅಂಕಿಗೂ 6 ಡೆಸಿಬೆಲ್ ಇಳಿಕೆ, ಅಂದರೆ ವೋಲ್ಟೇಜು ಅರ್ಧಕ್ಕರ್ಧ. ನನಗಿಂತ ಐದು ಅಂಕಿ ಕೆಳಗಿನ ಸದ್ದಿರುವ ಊರಿನವರು ಸಲೀಸಾಗಿ ಮಾತನಾಡಿಸುತ್ತಿದ್ದ ಕೇಂದ್ರಗಳು ನನ್ನ ಪಾಲಿಗೆ ಇರಲೇ ಇಲ್ಲ.

ಆಂಟೆನಾದ ಮೇಲೆ ನನಗೆ ಸಂಶಯ ಬರಲಿಲ್ಲ, ಏಕೆಂದರೆ ಅದನ್ನು ಕಟ್ಟುವಾಗ ಪಟ್ಟ ಪಾಡು ಹಾಗಿತ್ತು. ಅದು ಅರ್ಧತರಂಗದ ಸಾದಾ ಡೈಪೋಲ್. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್‌ಗಳಲ್ಲಿ ಉದ್ದ ಸಿಗುತ್ತದೆ, 7.1ಕ್ಕೆ ಸುಮಾರು 20 ಮೀಟರ್. ನಡುವೆ ಕತ್ತರಿಸಿ ಅಲ್ಲಿ ಒಳಗೊಂದು ತಂತಿ, ಅದರ ಸುತ್ತ ಲೋಹದ ಜಾಲರಿ ಇರುವ ಕೋಆಕ್ಸಿಯಲ್ ಕೇಬಲ್ ಜೋಡಿಸಿದರೆ ಮುಗಿಯಿತು. ಕರಾವಳಿಯಲ್ಲಿ ಕಂಬಕ್ಕೆ ಬರವಿಲ್ಲ, ತೆಂಗಿನ ಮರಗಳಿವೆ. ಆದರೆ ತೆಂಗಿನ ಮರ ಕಂಬದ ಹಾಗೆ ನಿಲ್ಲುವುದಿಲ್ಲ, ತೂಗುತ್ತದೆ. ಮೊದಲ ಜೂನ್‌ನಲ್ಲೇ ಎರಡು ಮರಗಳು ಎರಡು ದಿಕ್ಕಿಗೆ ಬಾಗಿ ತಂತಿಯನ್ನು ನಡುವೆ ತುಂಡು ಮಾಡಿದವು. ಆಮೇಲೆ ಒಂದು ತುದಿಯನ್ನು ಮಾತ್ರ ಮರಕ್ಕೆ ಬಿಗಿದು, ಇನ್ನೊಂದು ತುದಿಯ ಹಗ್ಗವನ್ನು ರಾಟೆಯ ಮೇಲಿಂದ ಇಳಿಸಿ, ಅದಕ್ಕೆ ಮರಳು ತುಂಬಿದ ಐದು ಲೀಟರಿನ ಕ್ಯಾನ್ ನೇತು ಹಾಕಿದೆ. ಈಗ ಗಾಳಿ ಬಂದಾಗ ಕ್ಯಾನ್ ಬಾವಿಯ ಕೊಡದಂತೆ ಏರಿಳಿಯುತ್ತದೆ, ತಂತಿ ಉಳಿಯುತ್ತದೆ. ಹಗ್ಗವನ್ನು ಮಲ್ಪೆ ಬಂದರಿನಲ್ಲಿ ಬಲೆಯ ಸಾಮಾನು ಮಾರುವ ಅಂಗಡಿಯಿಂದ ತಂದೆ. ಉಪ್ಪುಗಾಳಿಗೂ ಬಿಸಿಲಿಗೂ ಮೀನುಗಾರರ ಹಗ್ಗದಷ್ಟು ಒಗ್ಗಿದ ಹಗ್ಗ ಬೇರೆ ಇಲ್ಲ. ಒಣಗಿದ ಮಡಲು ತಂತಿಯ ಮೇಲೆ ಬೀಳುವುದಕ್ಕೆ ಮಾತ್ರ ಇನ್ನೂ ಪರಿಹಾರ ಸಿಕ್ಕಿಲ್ಲ.

ಹಾಗಾಗಿ ಗದ್ದಲದ ಅಪವಾದವನ್ನು ನೆರೆಮನೆಯ ಮೇಲೆ ಹೊರಿಸಿದೆ. ಪಕ್ಕದ ಮನೆಯ ಹಿರಿಯರನ್ನು ಊರೆಲ್ಲ ಮಾಷ್ಟ್ರು ಎನ್ನುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ. ಅವರು ಆ ವರ್ಷವಷ್ಟೇ ಮಾಡಿನ ಮೇಲೆ ಸೋಲಾರ್ ಫಲಕಗಳನ್ನೂ ಇನ್ವರ್ಟರನ್ನೂ ಹಾಕಿಸಿದ್ದರು. ಇನ್ವರ್ಟರಿನ ಒಳಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಜೋಡಿಸುವ ಕೆಲಸ ನಡೆಯುತ್ತದೆ, ಆ ಕಡಿತದ ಗುಣಕಗಳು, ಅಂದರೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು, ರೇಡಿಯೊ ತರಂಗಾಂತರದವರೆಗೂ ಏರಿ ಬರುತ್ತವೆ ಎಂಬುದು ಪುಸ್ತಕದ ವಿಷಯ. ಅದನ್ನು ಓದಿದ ನಾನು ಮುಂದಿನದನ್ನು ಪರೀಕ್ಷಿಸದೆ ತೀರ್ಮಾನಿಸಿಬಿಟ್ಟೆ. ಸೂರ್ಯ ಮುಳುಗಿದ ಮೇಲೂ ಗದ್ದಲ ಅಷ್ಟೇ ಇದೆ ಎಂಬ ಕಣ್ಣೆದುರಿನ ಸಂಗತಿ ನನ್ನ ತಲೆಗೆ ಹೋಗಲು ಮೂರು ತಿಂಗಳು ಬೇಕಾಯಿತು.

ಕೊನೆಗೆ ಮಾಡಿದ್ದು, ಮೊದಲ ದಿನವೇ ಮಾಡಬೇಕಾಗಿದ್ದ ಪರೀಕ್ಷೆ. ಸೆಟ್ಟನ್ನು 12 ವೋಲ್ಟ್‌ನ ಬ್ಯಾಟರಿಗೆ ಜೋಡಿಸಿ, ಮನೆಯವರಿಗೆ ಹತ್ತು ನಿಮಿಷ ತಾಳಿಕೊಳ್ಳಲು ಹೇಳಿ, ಕೆಳಗೆ ಹೋಗಿ ಮೈನ್ ಸ್ವಿಚ್ ಆಫ್ ಮಾಡಿ ಬಂದೆ. ಮುಳ್ಳು 9ರಿಂದ 4ಕ್ಕೆ ಇಳಿದಿತ್ತು. ಹುಬ್ಬಳ್ಳಿಯವರೊಬ್ಬರು ತಮ್ಮ ಊರಿನ ಹವಾಮಾನ ಹೇಳುತ್ತಿದ್ದರು, ಒಂದಕ್ಷರವೂ ತಪ್ಪದೆ ಕೇಳಿಸಿತು. ಗದ್ದಲ ಮಾಷ್ಟ್ರ ಮನೆಯದ್ದಲ್ಲ, ನಮ್ಮದೇ.

ಮತ್ತೆ ಮೈನ್ ಸ್ವಿಚ್ ಹಾಕಿ, ಎಂಸಿಬಿಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿದೆ. ಇದಕ್ಕೆ ಇಬ್ಬರು ಬೇಕು. ಮಗಳು ಮೀಟರಿನ ಮುಂದೆ ಕುಳಿತು ಅಂಕಿ ಕೂಗಿ ಹೇಳುತ್ತಿದ್ದಳು, ನಾನು ಕೆಳಗೆ ಬರೆದುಕೊಳ್ಳುತ್ತಿದ್ದೆ. ಜಗಲಿಯ ಎಲ್‌ಇಡಿ ದೀಪ ಒಂದು ಅಪರಾಧಿ, ಇಂಟರ್‌ನೆಟ್ ರೌಟರಿನ ಅಡಾಪ್ಟರ್ ಇನ್ನೊಂದು. ಅಗ್ಗದ ಅಡಾಪ್ಟರುಗಳಲ್ಲಿ ಶಬ್ದ ತಡೆಯುವ ಫಿಲ್ಟರಿನ ಬಿಡಿಭಾಗಗಳನ್ನು ಹಾಕದೆ ಬಿಟ್ಟಿರುವುದುಂಟು. ಬಿಚ್ಚಿ ನೋಡಿದರೆ ಬೋರ್ಡಿನ ಮೇಲೆ ಅವುಗಳಿಗೆ ಜಾಗ ಗುರುತಿಸಿದ್ದರೂ ಅಲ್ಲಿ ಒಂದು ತಂತಿಯ ತುಂಡನ್ನು ಬೆಸುಗೆ ಹಾಕಿರುತ್ತಾರೆ. ನನ್ನ ಅಡಾಪ್ಟರ್ ಸರಿಯಾಗಿ ಹಾಗೆಯೇ ಇತ್ತು. ಎರಡನ್ನೂ ಬದಲಾಯಿಸಿದೆ. ಮುಳ್ಳು 7ಕ್ಕೆ ಬಂತು, ಅದಕ್ಕಿಂತ ಕೆಳಗೆ ಬರಲಿಲ್ಲ.

ಉಳಿದದ್ದು ಸಿಕ್ಕಿದ್ದು ಆಕಸ್ಮಿಕವಾಗಿ. ಸೆಟ್ಟಿನ ಹಿಂಬದಿಯ ಧೂಳು ಒರೆಸುವಾಗ ಅರ್ಥ್ ತಂತಿಯ ತಿರುಪು ಸಡಿಲಗೊಂಡು ತಂತಿ ಕಳಚಿತು, ಕೂಡಲೇ ಸ್ಪೀಕರಿನ ಗದ್ದಲ ಅರ್ಧ ಇಳಿಯಿತು. ತಂತಿಯನ್ನು ಮುಟ್ಟಿಸಿದರೆ ಗದ್ದಲ, ಬಿಟ್ಟರೆ ಶಾಂತಿ. ಗದ್ದಲವನ್ನು ನೆಲಕ್ಕೆ ಇಳಿಸಲೆಂದೇ ನಾನು ಹಾಕಿಸಿದ್ದ ತಂತಿ ಅದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊಸದಾಗಿ ಪರವಾನಗಿ ಪಡೆದವರಿಗೆ ಸಿಗುವ ಮೊದಲ ಉಪದೇಶವೇ ‘ರೇಡಿಯೊಗೆ ಒಂದು ಪ್ರತ್ಯೇಕ ಅರ್ಥ್ ಕೊಡಿ’ ಎಂಬುದು. ನಾನೂ ಅದನ್ನು ನಂಬಿ, ಕೋಣೆಯ ಕಿಟಕಿಯ ಕೆಳಗೆ ಅಂಗಳದಲ್ಲಿ ತಾಮ್ರದ ಸರಳೊಂದನ್ನು ಹೊಡೆಸಿ, ಅಲ್ಲಿಂದ ಗೋಡೆಯನ್ನು ಬಳಸಿಕೊಂಡು ಮಹಡಿಗೆ ತಂತಿ ಎಳೆಸಿದ್ದೆ. ಅದರ ಒಟ್ಟು ಉದ್ದ ಅಳೆದು ನೋಡಿದರೆ ಹತ್ತು ಮೀಟರಿಗೆ ಹತ್ತಿರ. 7.1 ಮೆಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು 42 ಮೀಟರ್, ಅದರ ಕಾಲು ಭಾಗ ಹತ್ತೂವರೆ. ಕಾಲು ತರಂಗದಷ್ಟು ಉದ್ದದ ತಂತಿಯ ಒಂದು ತುದಿ ನೆಲಕ್ಕೆ ತಾಗಿದ್ದರೆ ಇನ್ನೊಂದು ತುದಿ ಆ ತರಂಗಾಂತರದಲ್ಲಿ ಹೆಚ್ಚುಕಡಿಮೆ ತೆರೆದ ತುದಿಯಂತೆ ವರ್ತಿಸುತ್ತದೆ. ಮಲ್ಟಿಮೀಟರಿಗೆ ಅದು ಅರ್ಥ್, 50 ಹರ್ಟ್ಸ್‌ನ ವಿದ್ಯುತ್ತಿಗೂ ಅರ್ಥ್, ನನ್ನ ರೇಡಿಯೊಗೆ ಮಾತ್ರ ಅದು ಗೋಡೆಗೆ ಆನಿಸಿದ ಇನ್ನೊಂದು ಆಂಟೆನಾ. ಮನೆಯ ವೈರಿಂಗಿನ ಪಕ್ಕದಲ್ಲೇ ಇಳಿಯುವ ಈ ತಂತಿ ಅಲ್ಲಿನ ಗದ್ದಲವನ್ನೆಲ್ಲ ಹೀರಿಕೊಂಡು ಸೆಟ್ಟಿನ ಕವಚಕ್ಕೆ ತಂದು ಸುರಿಯುತ್ತಿತ್ತು. ಕವಚದಿಂದ ಅದು ಕೋಆಕ್ಸಿಯಲ್ ಕೇಬಲಿನ ಜಾಲರಿಯ ಹೊರಮೈ ಹಿಡಿದು ಡೈಪೋಲ್‌ವರೆಗೆ ಹೋಗಿ, ಅಲ್ಲಿ ಒಳಗೆ ಹೊಕ್ಕು, ದೂರದ ಸಂಕೇತದ ಜೊತೆ ಸೇರಿ ವಾಪಸು ಬರುತ್ತಿತ್ತು.

ಹಾಗೆಂದು ಅರ್ಥ್ ತಂತಿಯನ್ನು ಬಿಚ್ಚಿಟ್ಟು ಸುಮ್ಮನಿರಲು ಬರುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಜೆಯ ಹೊತ್ತು ಘಟ್ಟದ ಕಡೆಯಿಂದ ಬರುವ ಗುಡುಗು ಮಿಂಚನ್ನು ಕಂಡವರು ಆ ಮಾತಾಡಲಾರರು. ಪ್ರತಿ ವರ್ಷ ಯಾರದಾದರೂ ತೋಟದಲ್ಲಿ ಒಂದು ತೆಂಗಿನ ಮರಕ್ಕೆ ಸಿಡಿಲು ಬಡಿದು ಅದರ ತಲೆ ಒಣಗುತ್ತದೆ. ನನ್ನ ತಂತಿ ಕಟ್ಟಿರುವುದು ಅಂಥದ್ದೇ ಮರಕ್ಕೆ. ವಾಸ್ತವವಾಗಿ ಅರ್ಥ್ ಎಂಬ ಒಂದೇ ಹೆಸರಿನಲ್ಲಿ ನಾವು ಮೂರು ಬೇರೆ ಬೇರೆ ಕೆಲಸ ಹೇಳುತ್ತೇವೆ. ಒಂದು, ಉಪಕರಣದ ಕವಚಕ್ಕೆ ಕರೆಂಟು ತಾಗಿದರೆ ನಮಗೆ ಹೊಡೆಯದಂತೆ ನೋಡಿಕೊಳ್ಳುವುದು. ಇನ್ನೊಂದು, ಸಿಡಿಲಿಗೆ ಮನೆಯ ಹೊರಗೇ ದಾರಿ ತೋರಿಸುವುದು. ಮೂರನೆಯದು ರೇಡಿಯೊ ತರಂಗಕ್ಕೆ ಸಂಬಂಧಿಸಿದ್ದು, ಅದು ನೆಲದೊಳಗಿನ ಸರಳಿಗಿಂತ ಆಂಟೆನಾದ ಬಗೆಯನ್ನು ಅವಲಂಬಿಸಿರುತ್ತದೆ. ಎರಡು ತೋಳುಗಳೂ ಸಮವಾಗಿರುವ ಡೈಪೋಲ್‌ಗೆ ಆ ಮೂರನೆಯ ಅರ್ಥ್ ಬೇಕೇ ಇಲ್ಲ. ನಾನು ಮೂರನೆಯದಕ್ಕೆಂದು ಸರಳು ಹೊಡೆಸಿ ಮೊದಲ ಎರಡನ್ನು ಕೆಡಿಸಿಕೊಂಡಿದ್ದೆ.

ಕೆಡಿಸಿದ್ದು ಹೇಗೆಂದರೆ, ಮನೆಯ ಅರ್ಥ್ ಪಿಟ್ ಇರುವುದು ಮೀಟರ್ ಬೋರ್ಡಿನ ಪಕ್ಕ, ಪೂರ್ವಕ್ಕೆ. ನನ್ನ ಸರಳು ಪಶ್ಚಿಮದ ಅಂಗಳದಲ್ಲಿ. ಇವೆರಡರ ನಡುವೆ ಜೋಡಣೆ ಇರಲಿಲ್ಲ, ಅಥವಾ ಇದ್ದ ಒಂದೇ ಜೋಡಣೆ ನನ್ನ ಸೆಟ್ಟು. ಸಿಡಿಲಿನ ಪ್ರವಾಹ 30,000 ಆಂಪಿಯರ್ ಇರುವುದು ಅಪರೂಪವಲ್ಲ. ಅರ್ಥ್‌ನ ರೋಧ ಕೇವಲ 5 ಓಮ್ ಇದ್ದರೂ ಆ ಪ್ರವಾಹಕ್ಕೆ ಆ ಜಾಗದ ನೆಲವೇ ಒಂದೂವರೆ ಲಕ್ಷ ವೋಲ್ಟ್‌ಗೆ ಏರುತ್ತದೆ, ಆದರೆ ಮನೆಯ ಇನ್ನೊಂದು ಬದಿಯ ನೆಲ ಏರುವುದಿಲ್ಲ. ಆ ವ್ಯತ್ಯಾಸ ಸರಿಹೋಗಲು ಇರುವ ದಾರಿ ಸೆಟ್ಟಿನ ಮೂಲಕ, ಅದರ ಪವರ್ ಸಪ್ಲೈ ಮೂಲಕ, ಮನೆಯ ವೈರಿಂಗಿನ ಮೂಲಕ. ಆದ್ದರಿಂದ ರೋಧವನ್ನು ಕಡಿಮೆ ಮಾಡುವುದಕ್ಕಿಂತ ಮೊದಲು ಮಾಡಬೇಕಾದದ್ದು ಇರುವ ಎಲ್ಲ ಅರ್ಥ್‌ಗಳನ್ನೂ ದಪ್ಪ ತಾಮ್ರದ ಪಟ್ಟಿಯಿಂದ ಒಂದಕ್ಕೊಂದು ಕಟ್ಟಿಹಾಕುವುದು. ಏರಿದರೆ ಎಲ್ಲವೂ ಒಟ್ಟಿಗೆ ಏರಲಿ. ಪಟ್ಟಿಯ ಉದ್ದಕ್ಕೂ ಲೆಕ್ಕವಿದೆ. ನೇರ ತಂತಿಯ ಪ್ರತಿ ಮೀಟರಿಗೆ ಸುಮಾರು 1 ಮೈಕ್ರೊಹೆನ್ರಿ ಇಂಡಕ್ಟನ್ಸ್, ಅಂದರೆ ಪ್ರವಾಹ ಥಟ್ಟನೆ ಏರುವುದನ್ನು ತಡೆಯುವ ಗುಣ, ಇರುತ್ತದೆ. ಸಿಡಿಲಿನ ಪ್ರವಾಹ ಒಂದು ಮೈಕ್ರೊಸೆಕೆಂಡಿನಲ್ಲಿ 10,000 ಆಂಪಿಯರ್ ಏರಿತೆಂದರೆ ಮೀಟರಿಗೆ 10,000 ವೋಲ್ಟ್ ಬೀಳುತ್ತದೆ. ನನ್ನ ಹತ್ತು ಮೀಟರಿನ ತಂತಿ ಸಿಡಿಲಿನ ಕೆಲಸಕ್ಕೂ ಬಾರದ್ದಾಗಿತ್ತು.

ಮಳೆಗಾಲಕ್ಕೆ ಮೊದಲು ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಿದೆವು. ಕೋಆಕ್ಸಿಯಲ್ ಕೇಬಲ್ ಈಗ ಮರದಿಂದ ನೇರವಾಗಿ ಕಿಟಕಿಗೆ ಬರುವುದಿಲ್ಲ. ಅದು ನೆಲಕ್ಕಿಳಿದು ಮೀಟರ್ ಬೋರ್ಡಿನ ಬದಿಗೆ ಬರುತ್ತದೆ, ಅಲ್ಲಿ ಗೋಡೆಗೆ ಬಿಗಿದ ತಾಮ್ರದ ತಗಡಿನ ಮೇಲೆ ಸಿಡಿಲು ತಡೆಯುವ ಅರೆಸ್ಟರ್ ದಾಟಿ, ಆಮೇಲೆ ಮೇಲೇರುತ್ತದೆ. ಆ ತಗಡು, ಮನೆಯ ಅರ್ಥ್ ಪಿಟ್, ನನ್ನ ಹಳೆಯ ಸರಳು, ಮೂರೂ ಪಟ್ಟಿಯಿಂದ ಜೋಡಿಸಲ್ಪಟ್ಟಿವೆ. ಇಷ್ಟಾದರೂ ಗುಡುಗು ಕೇಳಿದರೆ ಕೇಬಲನ್ನು ಹೊರಗಿನ ತಗಡಿನಲ್ಲೇ ಕಳಚಿ ಬರುತ್ತೇನೆ, ಸೆಟ್ಟಿನ ಪ್ಲಗ್ಗನ್ನೂ ತೆಗೆಯುತ್ತೇನೆ. ಆಂಟೆನಾ ಮಾತ್ರ ಕಳಚಿ ಕರೆಂಟಿನ ಪ್ಲಗ್ ಹಾಗೆಯೇ ಬಿಡುವವರನ್ನು ಕಂಡಿದ್ದೇನೆ. ಸಿಡಿಲು ಕರೆಂಟಿನ ಲೈನಿನಲ್ಲೂ ಬರುತ್ತದೆ.

ಕೇಬಲಿನ ಹೊರಮೈ ಹಿಡಿದು ಓಡುವ ಗದ್ದಲಕ್ಕೆ ಮದ್ದು ಫೆರೈಟ್ ಎಂಬ ಕಾಂತೀಯ ವಸ್ತುವಿನ ಬಳೆ. ಮಾರುಕಟ್ಟೆಯಲ್ಲಿ ಸಿಗುವ, ಕೇಬಲಿನ ಮೇಲೆ ಕ್ಲಿಪ್ಪಿನಂತೆ ಕಚ್ಚಿಕೊಳ್ಳುವ ಒಂಟಿ ಬಿಲ್ಲೆ 7 ಮೆಗಾಹರ್ಟ್ಸ್‌ನಲ್ಲಿ ಹೆಸರಿಗೆ ಮಾತ್ರ. ಸುತ್ತುಗಳು ಹೆಚ್ಚಿದಂತೆ ತಡೆ ಸುತ್ತುಗಳ ವರ್ಗದಷ್ಟು ಬೆಳೆಯುತ್ತದೆ, ಹಾಗಾಗಿ ಎರಡೂಕಾಲು ಇಂಚಿನಷ್ಟು ಅಗಲದ, 31 ಎಂಬ ಮಿಶ್ರಣದ ದೊಡ್ಡ ಬಳೆಯೊಳಗೆ ಆರ್‌ಜಿ 58 ಕೇಬಲನ್ನು ಹನ್ನೆರಡು ಸುತ್ತು ಹಾಯಿಸಿದೆ. ಒಂದು ಬಳೆ ಡೈಪೋಲ್‌ನ ನಡುವಿನಲ್ಲಿ, ಇನ್ನೊಂದು ಮನೆಯ ಪ್ರವೇಶದಲ್ಲಿ. ಆ ರಾತ್ರಿ ಮುಳ್ಳು 4ಕ್ಕೆ ಬಂತು. ಮೈನ್ ಸ್ವಿಚ್ ಆಫ್ ಮಾಡಿದಾಗ ಎಷ್ಟಿತ್ತೋ ಅಷ್ಟೇ, ದೀಪಗಳೆಲ್ಲ ಉರಿಯುತ್ತಿರುವಾಗ.

ಎರಡನೆಯ ಬಳೆಗಳ ಖರೀದಿಗೆ ಮಾಷ್ಟ್ರೇ ಕಾರಣ. ಅವರಿಗೆ ಸಂಜೆ ಯಕ್ಷಗಾನದ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುವ ರೂಢಿ. ಒಂದು ದಿನ ಬೇಲಿಯ ಬಳಿ ನಿಲ್ಲಿಸಿ, “ಭಾಗವತರ ಪದ ಮುಗಿಯುವ ಮೊದಲೇ ನಿನ್ನ ಅರ್ಥಗಾರಿಕೆ ಶುರುವಾಗ್ತದಲ್ಲ ಮಾರಾಯ, ಅದೂ ಯಾವ ಭಾಷೆ ಅಂತಲೇ ಗೊತ್ತಾಗುದಿಲ್ಲ” ಎಂದರು. ನಾನು ಮೈಕ್ ಹಿಡಿದಾಗಲೆಲ್ಲ ಅವರ ಸ್ಪೀಕರಿನಲ್ಲಿ ಮೂಗಿನಲ್ಲಿ ಗೊಣಗಿದಂತಹ ಸದ್ದು. ನಾವು ಮಾತಿಗೆ ಬಳಸುವ ಸಿಂಗಲ್ ಸೈಡ್‌ಬ್ಯಾಂಡ್ ಧ್ವನಿ ಆಂಪ್ಲಿಫೈಯರಿನ ಬಿಡಿಭಾಗಗಳಲ್ಲಿ ಹಾಗೆಯೇ ಹೊಕ್ಕರೆ ಮಾತು ಬಿಡಿಸಿಕೊಳ್ಳುವುದಿಲ್ಲ, ಗೊಣಗಾಟವಾಗಿ ಕೇಳಿಸುತ್ತದೆ. ನನ್ನ ಪ್ರಸಾರದಲ್ಲಿ ದೋಷವಿರಲಿಲ್ಲ, ಅವರ ಪೆಟ್ಟಿಗೆಯಿಂದ ಸ್ಪೀಕರಿಗೆ ಗೋಡೆಯುದ್ದಕ್ಕೂ ಎಳೆದಿದ್ದ ತಂತಿ ಆಂಟೆನಾದ ಕೆಲಸ ಮಾಡುತ್ತಿತ್ತು. ಆದರೆ ಇಂಥ ಸಂದರ್ಭದಲ್ಲಿ ‘ದೋಷ ನಿಮ್ಮ ಉಪಕರಣದ್ದು’ ಎಂದು ವಾದಿಸುವವರ ಬಗ್ಗೆ ನನಗೆ ಗೌರವವಿಲ್ಲ. ಮೂರು ತಿಂಗಳು ಅವರ ಇನ್ವರ್ಟರನ್ನು ಮನಸ್ಸಿನಲ್ಲೇ ಶಪಿಸಿದ್ದಕ್ಕೆ ಪ್ರಾಯಶ್ಚಿತ್ತವೂ ಆಗಲಿ ಎಂದು ಸ್ಪೀಕರಿನ ಎರಡೂ ತಂತಿಗಳನ್ನು ಪೆಟ್ಟಿಗೆಯ ಹತ್ತಿರವೇ ಬಳೆಗೆ ಎಂಟೆಂಟು ಸುತ್ತು ಹಾಕಿ ಕೊಟ್ಟೆ. ಅವರ ಚಾವಡಿಯಲ್ಲಿ ನನ್ನ ಅರ್ಥಗಾರಿಕೆ ನಿಂತಿತು.

ಆಮೇಲೆ ಜನವರಿಯಲ್ಲಿ ಹೊಸ ಸದ್ದೊಂದು ಶುರುವಾಯಿತು. ಎಲ್ಲ ತರಂಗಾಂತರಗಳಲ್ಲೂ ಸಮನಾಗಿ, ಬಾಣಲೆಗೆ ಒಗ್ಗರಣೆ ಬಿದ್ದಂತೆ ಚಿರ್ರ್ ಎನ್ನುವ ಒರಟು ಸದ್ದು. ಅಡಾಪ್ಟರಿನ ಗದ್ದಲ ಬ್ಯಾಂಡಿನಲ್ಲಿ ಅಲ್ಲಲ್ಲಿ ದಿಬ್ಬಗಳಂತೆ ಬಂದು ಬಿಸಿ ಏರಿದಂತೆ ಜರುಗುತ್ತದೆ, ಇದು ಹಾಗಿರಲಿಲ್ಲ. ಕಂಪ್ಯೂಟರಿಗೆ ಹಾಕಿ ನೋಡಿದರೆ ಸೆಕೆಂಡಿಗೆ ಸರಿಯಾಗಿ 100 ಬಾರಿ ಸಿಡಿಯುತ್ತಿತ್ತು. 50 ಹರ್ಟ್ಸ್‌ನ ವಿದ್ಯುತ್ತು ಪ್ರತಿ ಆವರ್ತದಲ್ಲಿ ಎರಡು ಬಾರಿ ಶಿಖರ ಮುಟ್ಟುತ್ತದೆ, ಎಲ್ಲೋ ಲೈನಿನಲ್ಲಿ ಸಡಿಲವಾದ ಕಬ್ಬಿಣದ ತುಂಡುಗಳ ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೆ ಎರಡು ಬಾರಿಯೂ ಅಲ್ಲಿ ಕಿಡಿ ಹಾರುತ್ತದೆ. ಹುಡುಕಲು ಹೊರಟದ್ದು ಅಪ್ಪನ ಕಾಲದ ಟ್ರಾನ್ಸಿಸ್ಟರ್ ಹಿಡಿದುಕೊಂಡು, ಮಂಗಳೂರು ಆಕಾಶವಾಣಿಯನ್ನು 1089 ಕಿಲೋಹರ್ಟ್ಸ್‌ನಲ್ಲಿ ಕೇಳುತ್ತಿದ್ದ ಅದೇ ಪೆಟ್ಟಿಗೆ. ನಿಲಯವಿಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ ಪೆಟ್ಟಿಗೆಯನ್ನು ನಿಧಾನವಾಗಿ ತಿರುಗಿಸಿದರೆ, ಒಳಗಿನ ಫೆರೈಟ್ ಕಡ್ಡಿಯ ತುದಿ ಸದ್ದಿನ ಮೂಲಕ್ಕೆ ಎದುರಾದಾಗ ಸದ್ದು ಕುಗ್ಗುತ್ತದೆ. ಆದರೆ ಮೀಡಿಯಂ ವೇವ್‌ನಲ್ಲಿ ಗದ್ದಲ ತಂತಿ ಹಿಡಿದು ದೂರ ಹರಿಯುವುದರಿಂದ ಎಲ್ಲ ಕಂಬಗಳೂ ತಪ್ಪಿತಸ್ಥರಂತೆ ಕಾಣುತ್ತವೆ. ಮೂಲಕ್ಕೆ ಹತ್ತಿರವಾದಂತೆ ಮೇಲಿನ ತರಂಗಾಂತರಗಳಿಗೆ ಏರುತ್ತಾ ಹೋಗಬೇಕು. ಕೊನೆಯ ಹಂತದಲ್ಲಿ 144 ಮೆಗಾಹರ್ಟ್ಸ್‌ನಲ್ಲಿ ಎಎಂ ಆಲಿಸಬಲ್ಲ ಸೆಟ್ಟಿಗೆ ಪಿವಿಸಿ ಪೈಪಿನ ಮೇಲೆ ಒಂದೇ ದಿಕ್ಕಿನ ಸದ್ದನ್ನು ಹೆಚ್ಚು ಹಿಡಿಯುವ, ಮೂರು ಕಡ್ಡಿಗಳ ಯಾಗಿ ಆಂಟೆನಾ ಮಾಡಿಕೊಂಡು ಹೋದಾಗ, ರಸ್ತೆಯ ತಿರುವಿನ 11 ಕಿಲೋವೋಲ್ಟ್ ಲೈನಿನ ಒಂದೇ ಕಂಬ ಗುರುತಾಯಿತು. ಕಂಬಕ್ಕೆ ಬಡಿದು ಸದ್ದು ಬದಲಾಗುತ್ತದೆಯೇ ನೋಡುವ ಹಳೆಯ ಅಭ್ಯಾಸವೊಂದಿದೆ. ಅದು ಜೀವಕ್ಕೆ ಅಪಾಯ, ಮಾಡಬಾರದು.

ಲೈನ್‌ಮನ್ ಬಂದು ಕೆಳಗಿನಿಂದಲೇ ನೋಡಿ, “ಒಂದು ಮಳೆ ಬರಲಿ ಸರ್, ತನ್ನಷ್ಟಕ್ಕೆ ಸರಿಯಾಗ್ತದೆ” ಎಂದರು. ನಾನು ಮನಸ್ಸಿನಲ್ಲೇ ಸಿಟ್ಟಾದೆ. ಆದರೆ ಅವರ ಮಾತು ಅಕ್ಷರಶಃ ನಿಜವಾಯಿತು: ಮೇ ಕೊನೆಯ ಮೊದಲ ದೊಡ್ಡ ಮಳೆಗೆ ಸದ್ದು ದೀಪ ಆರಿಸಿದಂತೆ ನಿಂತಿತು. ಇನ್ಸುಲೇಟರಿನ ಒದ್ದೆ ಮೈ ಆ ಸಂದಿಗೆ ಸೇತುವೆಯಾಗುವುದರಿಂದ ಕಿಡಿ ಹಾರುವ ಪ್ರಮೇಯವೇ ಬರುವುದಿಲ್ಲ. ಬೇಸಿಗೆಯಲ್ಲಿ ಕೇಳಿ ಮಳೆಯಲ್ಲಿ ನಿಲ್ಲುವ ಸದ್ದು ಸಡಿಲ ಜೋಡಣೆಯದ್ದೆಂದೂ, ಮಳೆಯಲ್ಲೇ ಹೆಚ್ಚುವ ಸದ್ದು ಉಪ್ಪುಧೂಳು ಕೂತ ಇನ್ಸುಲೇಟರಿನ ಸೋರಿಕೆಯದ್ದೆಂದೂ ಊಹಿಸಿದರೆ ಬಹುಪಾಲು ಸರಿಹೋಗುತ್ತದೆ. ಡಿಸೆಂಬರಿನಲ್ಲಿ ಅದು ಮತ್ತೆ ಬಂತು. ನಾಲ್ಕು ಅರ್ಜಿಗಳಾದ ಮೇಲೆ ಆ ಕಂಬದ ಪಿನ್ ಇನ್ಸುಲೇಟರ್ ಬದಲಾಯಿಸಿ ನಟ್ಟುಗಳನ್ನು ಬಿಗಿದರು.

ಮಳೆಯ ಇನ್ನೊಂದು ಆಟವನ್ನೂ ಹೇಳಿಬಿಡುತ್ತೇನೆ. ಒಂದು ಆಗಸ್ಟ್‌ನಲ್ಲಿ ನನ್ನ ಆಂಟೆನಾದಿಂದ ಎಷ್ಟು ಶಕ್ತಿ ತಿರುಗಿ ಬರುತ್ತದೆಂದು ತೋರಿಸುವ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದೆನ್ನುವ ಎಸ್‌ಡಬ್ಲ್ಯುಆರ್ ಎಂದೂ ಇಲ್ಲದಷ್ಟು ಚೆನ್ನಾಗಿ, 1.1ಕ್ಕೆ ಬಂದು ನಿಂತಿತು. ಖುಷಿಪಟ್ಟೆ. ಆದರೆ ನನ್ನನ್ನು ಕೇಳುವವರು ದಿನೇದಿನೇ ಕಡಿಮೆಯಾದರು. ಮರದ ಮೇಲಿನ ಜೋಡಣೆಯನ್ನು ಇಳಿಸಿ ಬಿಚ್ಚಿದರೆ ಕೇಬಲಿನೊಳಗಿಂದ ಕಂದು ನೀರು ತೊಟ್ಟಿಕ್ಕಿತು, ಜಾಲರಿ ಒಂದು ಗೇಣಿನವರೆಗೆ ಕಪ್ಪಾಗಿ, ಅದರಾಚೆ ಹಸಿರು ಕಿಲುಬು ಹಿಡಿದಿತ್ತು. ನೀರು ಕುಡಿದ ಕೇಬಲು ಹೋಗುವ ಶಕ್ತಿಯನ್ನೂ ತಿನ್ನುತ್ತದೆ, ತಿರುಗಿ ಬರುವುದನ್ನೂ ತಿನ್ನುತ್ತದೆ. ತಿರುಗಿ ಬರುವುದೇ ಇಲ್ಲವಾದಾಗ ಮೀಟರು ಎಲ್ಲವೂ ಚೆನ್ನಾಗಿದೆ ಎನ್ನುತ್ತದೆ. ಈಗ ಜೋಡಣೆಯ ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಮಾಮೂಲಿ ಟೇಪ್ ಸುತ್ತಿ, ನೀರು ಕೆಳಗೆ ತೊಟ್ಟಿಕ್ಕಿ ಹೋಗುವಂತೆ ಕೇಬಲನ್ನು ಒಮ್ಮೆ ಬಾಗಿಸಿ ಬಿಟ್ಟಿದ್ದೇನೆ.

ಉಳಿದದ್ದು ನೆಲದ ರಗಳೆ. ನಮ್ಮಲ್ಲಿ ಅಂಗಳ ಅಗೆದರೆ ಎರಡಡಿಗೆ ಮುರಕಲ್ಲು. ತೂತುತೂತಾದ ಈ ಕಲ್ಲು ಮಳೆಗಾಲದಲ್ಲಿ ನೀರು ಹೀರಿಕೊಂಡು ವಿದ್ಯುತ್ತಿಗೆ ಒಳ್ಳೆಯ ದಾರಿ ಕೊಡುತ್ತದೆ, ಮಾರ್ಚ್ ದಾಟಿದರೆ ಇಟ್ಟಿಗೆಯಂತೆ ಒಣಗುತ್ತದೆ. ಮೂರು ಮೀಟರಿನ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿಸಿದ ಪಿಟ್‌ನಲ್ಲಿ ಜುಲೈ ತಿಂಗಳಲ್ಲಿ ಅರ್ಥ್ ಟೆಸ್ಟರ್ 4 ಓಮ್ ತೋರಿಸಿತು, ಏಪ್ರಿಲ್‌ನಲ್ಲಿ ಅದೇ ಪಿಟ್ 31 ಓಮ್. ಸಿಡಿಲು ಬರುವುದು ಆ ಒಣ ಕಾಲದ ಕೊನೆಯಲ್ಲೇ. ವಾರಕ್ಕೆರಡು ಕೊಡ ನೀರು ಹೊಯ್ಯುವ ಶಿಸ್ತು ನನಗೆ ಬರಲಿಲ್ಲ. ಅಮ್ಮ ಒಂದು ದಿನ ಬಚ್ಚಲಿನ ನೀರು ಹೋಗುವ ಕಣಿಯನ್ನು ಪಿಟ್‌ನ ಕಡೆಗೆ ತಿರುಗಿಸಿ, ಪಕ್ಕದಲ್ಲಿ ಎರಡು ಬಾಳೆ ಕಂದು ನೆಟ್ಟರು. ಪಿಟ್‌ನ ಉಪ್ಪಿಗೆ ಬಾಳೆ ಸಾಯಬಹುದೆಂದು ನಾನು ಹೇಳಿದ್ದೆ. ಒಂದು ಸತ್ತಿತು, ಇನ್ನೊಂದು ಸ್ವಲ್ಪ ಆಚೆಗಿದ್ದದ್ದು ಈ ಏಪ್ರಿಲ್‌ನಲ್ಲಿ ಗೊನೆ ಹಾಕಿದೆ. ಟೆಸ್ಟರ್ 11 ಓಮ್ ತೋರಿಸುತ್ತಿದೆ.